ಮಾಧವಿ ಮೌಶಿ ಮತ್ತು ನಿಲ್ಲದ ನೀರು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲುಗಳು ಬಲಕ್ಕೆ ಹೋದಂತೆ ಮೇಲಕ್ಕೆ ಏರುತ್ತವೆ, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಹೋಗಿ ಕೂಡುತ್ತವೆ. ಕಾಲೇಜನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳು ಕೈಗೆ ಸಿಕ್ಕರೂ ಅವನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯುವುದಿಲ್ಲ. ಓದುವವರು ಸಹಿಸಿಕೊಳ್ಳಬೇಕು. ತಪ್ಪೆಲ್ಲ ನನ್ನದು, ಯಾರ ಬಗೆಗೆ ಬರೆಯಹೊರಟಿದ್ದೇನೋ ಅವಳದಲ್ಲ.

ನನ್ನ ತಾಯಿಯ ತಂಗಿ ಮಾಧವಿ ಮೌಶಿ ಲೋಕದ ಯಾವ ವಸ್ತುವನ್ನೂ ಮೊದಲ ಸಲ ಅಂಗೈಯಿಂದ ಮುಟ್ಟುವುದಿಲ್ಲ. ಫ್ರಿಜ್ಜಿನ ಬಾಗಿಲಾಗಲಿ, ಬಚ್ಚಲಿನ ನಲ್ಲಿಯಾಗಲಿ, ಬಸ್ಸಿನ ಕಂಬಿಯಾಗಲಿ, ಕೊನೆಗೆ ಜ್ವರ ಬಂದವರ ಹಣೆಯೇ ಆಗಲಿ, ಮೊದಲು ಕೈಯ ಹಿಂಬದಿ ಹೋಗಿ ತಾಗಿ, ಅಲ್ಲಿ ಅಪಾಯವಿಲ್ಲವೆಂದು ವರದಿ ತಂದ ಮೇಲೆಯೇ ಅಂಗೈ ಮುಂದೆ ಬರುತ್ತದೆ. ಕರೆಂಟು ಹೊಡೆದಾಗ ಅಂಗೈ ತಾನಾಗಿ ಮುಚ್ಚಿಕೊಂಡು ಆ ವಸ್ತುವನ್ನೇ ಬಿಗಿಯಾಗಿ ಹಿಡಿದುಬಿಡುತ್ತದಂತೆ. ಕೈಯ ಹಿಂಬದಿ ತಾಗಿದ್ದರೆ ಕೈ ಒಳಕ್ಕೆ ಮಡಚಿ ದೂರ ಸರಿಯುತ್ತದಂತೆ. ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ಈಗ ನಾನೂ ಗೊತ್ತಿಲ್ಲದೆ ನಮ್ಮ ಮನೆಯ ಬೆಕ್ಕನ್ನು ಹಾಗೆಯೇ ಮುಟ್ಟುತ್ತೇನೆ.

ಅವಳ ನಡಿಗೆಯೂ ಇದೇ ಜಾತಿಯದು. ಮುಂದಿನ ಹೆಜ್ಜೆಗೆ ನೆಲ ಇದೆಯೇ ಎಂದು ಹೆಬ್ಬೆರಳಿನಿಂದ ಕೇಳಿಕೊಂಡು, ಇದೆ ಎಂಬ ಉತ್ತರ ಬಂದ ಮೇಲೆ ಹಿಮ್ಮಡಿ ಊರುತ್ತಾಳೆ. ಗೋಡೆಯ ಪಕ್ಕದಲ್ಲಿ, ಆದರೆ ಗೋಡೆಗೆ ತಾಗದಂತೆ, ಒಂದು ಕಿವಿಯನ್ನು ಸದಾ ಮನೆಯೊಳಕ್ಕೆ ತಿರುಗಿಸಿಕೊಂಡು ನಡೆಯುತ್ತಾಳೆ. ಚೀಲದಲ್ಲಿ ಬೂದು ಬಣ್ಣದ ರೇನ್‌ಕೋಟು ವರ್ಷವಿಡೀ ಇರುತ್ತದೆ. ಡಾಂಬರು ಚಪ್ಪಲಿಗೆ ಅಂಟುವಂಥ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದಲ್ಲಿ ಅದರ ತೋಳು ಚೀಲದಿಂದ ಹೊರಗೆ ಇಣುಕುವುದನ್ನು ಕಂಡು ಟೆಂಪೋದವನೊಬ್ಬ, "ಬಾಯಾರ, ಈ ಸಲ ಮಳಿ ಮೋಡದಾಗಿಂದ ಬರ್ತದೋ ನಿಮ್ಮ ಚೀಲದಾಗಿಂದ ಬರ್ತದೋ?" ಎಂದು ಕೇಳಿದ್ದನಂತೆ.

ಮಾತಿಗೆ ಮೊದಲು ಅವಳ ಬಾಯಲ್ಲಿ ಬರುವ ಶಬ್ದ 'ಅಕಸ್ಮಾತ್'. ಅಕಸ್ಮಾತ್ ಹಾಲು ಒಡದ್ರ, ಅಕಸ್ಮಾತ್ ಬಸ್ ಕೆಟ್ರ, ಅಕಸ್ಮಾತ್ ಅವರು ಮನ್ಯಾಗ ಇಲ್ಲದಿದ್ರ. ಕಮಲಾಪುರದ ಪ್ರೌಢಶಾಲೆಯೊಂದರಲ್ಲಿ ಅವಳು ಹಿಂದಿ ಕಲಿಸುತ್ತಾಳೆ. ಅಲ್ಲಿಯ ಮಕ್ಕಳು ಅವಳಿಗೆ ಇಟ್ಟಿರುವ ಹೆಸರೇ ಅಕಸ್ಮಾತ್ ಟೀಚರ್. ಒಮ್ಮೆ ಹಿಂದಿನ ಬೆಂಚಿನ ಸಾಯಿಕುಮಾರ ಎಂಬ ಹುಡುಗ ಎದ್ದು ನಿಂತು, "ಟೀಚರ್, ಅಕಸ್ಮಾತ್ ನಾ ಪಾಸಾದ್ರ?" ಎಂದನಂತೆ. ತರಗತಿಯೆಲ್ಲ ನಕ್ಕಿತು. ಮೌಶಿ ಗಂಭೀರವಾಗಿ ಯೋಚಿಸಿ, "ಅದೊಂದಕ್ಕ ನನ್ನ ಹತ್ರ ತಯಾರಿ ಇಲ್ಲಪ್ಪ" ಎಂದಳು.

ಇಷ್ಟು ಹೆದರುವ ಹೆಂಗಸು ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರುತ್ತಾಳೆಂದು ಕೇಳಿದರೆ, ನೀರು ಮತ್ತು ಕರೆಂಟು ಒಂದೇ ಕಡೆ ಸೇರುವುದಕ್ಕೆ. ಕಾರಣವಿದೆ. ಅವಳು ಲಂಗ ಉಡುವ ವಯಸ್ಸಿನಲ್ಲಿ, ಕಮಲಾಪುರದ ಹಳೆಯ ಮನೆಯ ಹಿತ್ತಲಿನಲ್ಲಿ, ಅವಳ ತಂದೆ ಪಾಂಡುರಂಗರಾಯರು ನೀರೆತ್ತುವ ಮೋಟಾರಿನ ಮೇಲೆ ಒದ್ದೆ ಕೈ ಇಟ್ಟು ಅಲ್ಲಿಯೇ ಹಿಡಿದುಕೊಂಡುಬಿಟ್ಟರು. ಕೂಗಲಿಲ್ಲ, ಹಲ್ಲು ಕಚ್ಚಿಕೊಂಡು ಸಣ್ಣಗೆ ನಡುಗುತ್ತ ನಿಂತಿದ್ದರು. ತುಳಸಿಕಟ್ಟೆಯ ಪಕ್ಕದಲ್ಲಿದ್ದ ಹುಡುಗಿ ಅಪ್ಪ ನಗಿಸಲಿಕ್ಕೆ ಏನೋ ಆಟ ಮಾಡುತ್ತಿದ್ದಾರೆಂದು ತಿಳಿದಳು. ಒಳಗಿನಿಂದ ಬಂದ ನನ್ನ ಅಜ್ಜಿ ಇಂದೂಬಾಯಿ ಮಾತ್ರ ಒಂದು ಗಳಿಗೆಯೂ ನಿಲ್ಲದೆ, ಕೂಡುವ ಮರದ ಮಣೆಯನ್ನು ಎತ್ತಿ ಗಂಡನ ಮುಂಗೈಗೆ ಬೀಸಿ ಹೊಡೆದಳು. ಅಜ್ಜ ಬದುಕಿದರು. ಬಲಗೈಯ ಎರಡು ಬೆರಳು ಕೊನೆಯವರೆಗೂ ಬಾಗಿಯೇ ಉಳಿದವು. ಮಗಳು ಮಾತ್ರ ಆ ದಿನ ಕಂಡದ್ದನ್ನು ತನ್ನ ಕೈಗಳಲ್ಲಿ ಇಟ್ಟುಕೊಂಡು ಬೆಳೆದಳು.

ಅಂಥವಳ ಪಡಸಾಲೆಯಲ್ಲಿ ಇಂದು ಒಂದು ಸಮುದ್ರವಿದೆ. ಉಪ್ಪುನೀರು ತುಂಬಿದ ಗಾಜಿನ ತೊಟ್ಟಿ, ಅದರೊಳಗೆ ಕಲ್ಲುಗಳಿಗೆ ಅಂಟಿ ಬೆಳೆಯುವ ಹವಳಗಳು, ನಡುವೆ ಕಿತ್ತಳೆ ಬಣ್ಣದ ಎರಡು ಮೀನು, ಕೆಳಗೆ ಬಿಳಿ ಮರಳು, ನಾಲ್ಕಾರು ವೈರುಗಳು. ಅಜ್ಜನ ಕೊನೆಯ ಕಾಯಿಲೆಯಲ್ಲಿ ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದರ ಕಾಯುವ ಕೋಣೆಯಲ್ಲಿ ಅಂಥದೊಂದು ತೊಟ್ಟಿ ಇತ್ತಂತೆ. ಡಾಕ್ಟರು ಹೊರಬಂದು ಏನು ಹೇಳುತ್ತಾರೋ ಎಂದು ಎಲ್ಲರ ಜೀವವೂ ಬಾಗಿಲಿಗೆ ನೇತಾಡುತ್ತಿದ್ದಾಗ ಮೌಶಿ ಅದರ ಮುಂದೆ ಕುಳಿತಳು. "ಜನ್ಮದಾಗ ಮೊದಲ ಸಲ, ಮಂಜೂ, ನನಗ ಹೆದರಿಕಿ ಆಗಲಿಲ್ಲ. ಆ ಹವಳಗಳು ಹಿಂಗ ಹಿಂಗ ತೂಗತಿದ್ವು. ಅವಕ್ಕ ಯಾವ ಅವಸರನೂ ಇದ್ದಿಲ್ಲ," ಎಂದು ಅವಳು ಕೈಬೆರಳುಗಳನ್ನು ಗಾಳಿಯಲ್ಲಿ ತೂಗಿ ನನಗೆ ತೋರಿಸಿದ್ದಾಳೆ. ಅಜ್ಜ ಹೋದ ಮೇಲೆ, ಇನ್ನೂ ಅರ್ಧ ಹಳ್ಳಿ ಅರ್ಧ ಪಟ್ಟಣವಾಗಿರುವ, ಕಲಬುರಗಿಯ ಅಂಚಿನ ಕೋಟನೂರಿನಲ್ಲಿ ಅವಳೂ ಅಜ್ಜಿಯೂ ನಾನೂ ಇರುವ ಮನೆಗೆ ಆ ನಿರ್ಭಯವನ್ನು ಅವಳು ಒಂದೊಂದೇ ಕಲ್ಲಾಗಿ ತಂದು ಕೂಡಿಸಿದಳು.

ಅಜ್ಜಿ ಅದರ ಹತ್ತಿರ ಸುಳಿಯಲಿಲ್ಲ. ನಮ್ಮದು ಮಡಿ ಮೈಲಿಗೆ ನೋಡುವ ಮನೆ. ಮೀನಿಗೆ ಹಾಕುವುದು ಹೆಪ್ಪುಗಟ್ಟಿಸಿದ ಸೀಗಡಿ. ಅದು ನಮ್ಮ ಫ್ರಿಜ್ಜಿನಲ್ಲಿ ಇರುವಂತಿಲ್ಲವಾದ್ದರಿಂದ ಪಕ್ಕದ ಮನೆಯ ಸನಾ ತನ್ನ ಫ್ರಿಜ್ಜಿನಲ್ಲಿಟ್ಟುಕೊಂಡು, ದಿನವೂ ಒಂದು ಚಮಚ ತಂದು, "ಆಂಟೀ, ನಿಮ್ಮ ಸಮುಂದರದ್ದು ನಾಷ್ಟಾ ಬಂತ್ರೀ" ಎಂದು ಕೂಗುತ್ತಾಳೆ. ಅಜ್ಜಿ ಸೆರಗು ಎಳೆದುಕೊಂಡು, "ನನ್ನ ದಾಟಿಸಿ ಒಯ್ಯಬ್ಯಾಡವ್ವಾ, ಆ ಕಡಿಂದ ಸುತ್ತು ಹಾಕು" ಎನ್ನುತ್ತಾಳೆ. ತೊಟ್ಟಿಯನ್ನು ಅಜ್ಜಿ ಕರೆಯುತ್ತಿದ್ದುದು "ಮಾಧವಿಯ ಉಪ್ಪಿನ ಪೆಟ್ಟಿಗಿ" ಎಂದು.

ಈ ಸಮುದ್ರದ ಜೀವವೆಲ್ಲ ಒಂದು ಪಂಪಿನಲ್ಲಿದೆ. ಬಾವಿಯ ಪಂಪಿನಂತೆ ಇದು ನೀರನ್ನು ಮೇಲಕ್ಕೆ ಎತ್ತುವುದಿಲ್ಲ; ಗಾಜಿನ ಒಳಗೋಡೆಗೆ ಅಯಸ್ಕಾಂತದಿಂದ ಅಂಟಿಕೊಂಡು, ಒಂದು ಸಣ್ಣ ರೆಕ್ಕೆಯನ್ನು ತಿರುಗಿಸಿ, ಇದ್ದ ನೀರನ್ನೇ ಇದ್ದಲ್ಲಿ ತಳ್ಳುತ್ತದೆ. ಹವಳಕ್ಕೆ ಕಾಲಿಲ್ಲ, ಹುಡುಕಿಕೊಂಡು ಹೋಗಲಾರದು. ಅದರ ಅನ್ನವನ್ನೂ ಉಸಿರನ್ನೂ ನೀರೇ ಹೊತ್ತು ತರಬೇಕು, ಅದರ ಹೊಲಸನ್ನೂ ನೀರೇ ಒಯ್ಯಬೇಕು. ನೀರು ನಿಂತರೆ, ಅದರಲ್ಲೂ ನಮ್ಮ ಬಿಸಿಲಿನಲ್ಲಿ ನಿಂತರೆ, ಕೆಲವು ಗಂಟೆಗಳಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ಹಾಗೆಂದು ಪಂಪು ಅತಿ ಜೋರಾದರೂ ಕಷ್ಟ: ಮರಳು ಏಳುತ್ತದೆ, ಹವಳದ ಮೆತ್ತನೆಯ ಮೈ ಹರಿಯುತ್ತದೆ. ತೀರ ಸೌಮ್ಯವಾದರೆ ಮೂಲೆಯಲ್ಲಿ ಹೊಲಸು ಕೂತು ಕೊಳೆಯುತ್ತದೆ.

ಹಳೆಯ ಪಂಪು ಕಳೆದ ಚಳಿಗಾಲದಲ್ಲಿ ಗರಗರ ಎನ್ನಲು ಶುರುವಾಯಿತು. ಅದು ಮನೆಯ ಕರೆಂಟನ್ನು ನೇರವಾಗಿ ನೀರಿನೊಳಕ್ಕೆ ಒಯ್ಯುವಂಥದ್ದು. ಅಂದಿನಿಂದ ಮೌಶಿಗೆ ಎರಡು ಭಯ, ಒಂದರ ಬೆನ್ನಿಗೆ ಒಂದು: ತಾನು ಕಮಲಾಪುರದಲ್ಲಿದ್ದಾಗ ಅದು ನಿಂತರೆ ತೊಟ್ಟಿ ಸಾಯುತ್ತದೆ; ನಿಲ್ಲದೆ ಒಳಗೆ ಬಿರುಕು ಬಿಟ್ಟರೆ, ಉಪ್ಪುನೀರೆಲ್ಲ ಕರೆಂಟಾಗಿ, ಪಕ್ಕದಲ್ಲಿ ಒದ್ದೆ ಸೀರೆಯಲ್ಲಿ ಓಡಾಡುವ ತಾಯಿ ಸಾಯುತ್ತಾಳೆ. ಬೇಸಿಗೆ ಏರುವುದರೊಳಗೆ ನಂಬುವಂಥ ಪಂಪು ಸಿಗದಿದ್ದರೆ ಎಲ್ಲವನ್ನೂ ಅಂಗಡಿಯವನಿಗೆ ಒಪ್ಪಿಸಿ ಗಾಜನ್ನು ಒಣಗಿಸಿಬಿಡುತ್ತೇನೆ ಎಂದು ಅವಳು ನಿಶ್ಚಯಿಸಿದಳು. ಹಾಗೆ ಹೇಳುವಾಗ ಅವಳ ಮುಖ ಹೇಗಿತ್ತೆಂದರೆ, ಆಸ್ಪತ್ರೆಯ ಆ ಬಾಗಿಲು ಮತ್ತೆ ತೆರೆದಂತಿತ್ತು.

ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಜಹಾಂಗೀರ್ ಭಾಯಿಯ ಮೀನಿನ ಅಂಗಡಿ. ಶನಿವಾರ ಶಾಲೆ ಅರ್ಧ ದಿನ ಮುಗಿದ ಮೇಲೆ ಮೌಶಿ ಅಲ್ಲಿಗೆ ಹೋಗುತ್ತಿದ್ದಳು, ನಾನು ಅವಳ ಹಿಂದೆ ನಿಲ್ಲುತ್ತಿದ್ದೆ. ಅವನು ಎರಡು ಪಂಪುಗಳನ್ನು ಮೇಜಿನ ಮೇಲೆ ಇಡುತ್ತಿದ್ದ.

"ನೋಡ್ರಿ ಮೇಡಂ, ಇದು ಸೀದಾ ಮನಿ ಕರೆಂಟಿಂದು. ಸಸ್ತಾ, ಜೋರು. ಇದು ಅಡಾಪ್ಟರಿಂದು, ಅಡಾಪ್ಟರ್ ಹೊರಗ ಇರ್ತದ, ನೀರಾಗ ಹೋಗೋದು ಇಪ್ಪತ್ನಾಲ್ಕು ವೋಲ್ಟ್ ಅಷ್ಟೇ. ಬ್ಯಾಟರಿ ಮ್ಯಾಲೂ ಓಡ್ತದ. ತುಟ್ಟಿ ಖರೆ, ಚೀಜ್ ಭಾರೀ ಅದ."

"ಅಕಸ್ಮಾತ್ ಅಡಾಪ್ಟರ್ ಸುಟ್ರ?"

"ಬದಲಿ ಮಾಡಿ ಕೊಡ್ತೀನ್ರಿ."

"ಅಕಸ್ಮಾತ್ ಆ ಹೊತ್ತಿಗೆ ನಾ ಕಮಲಾಪುರದಾಗಿದ್ರ?"

ಜಹಾಂಗೀರ್ ಭಾಯಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೇಡಂ, ನೀವು ಪಂಪ್ ತಗೋಳಾಕ ಬಂದೀರೋ, ವರ ನೋಡಾಕ ಬಂದೀರೋ? ಕುಲ ಗೋತ್ರ ಒಂದು ಕೇಳೋದು ಉಳದದ ನೋಡ್ರಿ."

ಅಂದವನೇ ನಾಲಿಗೆ ಕಚ್ಚಿಕೊಂಡ, ಯಾಕೆಂದರೆ ಮೌಶಿಗೆ ಮದುವೆಯಾಗಿಲ್ಲ ಎಂಬುದು ಅವನಿಗೆ ಗೊತ್ತು. ಮೌಶಿ ಪಂಪನ್ನು ಕೈಯ ಹಿಂಬದಿಯಿಂದ ಸವರುತ್ತ ಹೇಳಿದಳು: "ವರ ಆಗಿದ್ರ ಇಷ್ಟು ಕೇಳ್ತಿದ್ದಿಲ್ಲ ಜಹಾಂಗೀರ್ ಭಾಯಿ. ಅವರು ನಿಂತ್ರೂ ನಡೀತದ."

ಅವನು ನಕ್ಕು ನಕ್ಕು ಚಹಾ ತರಿಸಿದ. ಪಂಪು ಮಾತ್ರ ಮನೆಗೆ ಬರಲಿಲ್ಲ. ಮುಂದಿನ ವಾರ ಹೊಸ ಸಂಶಯ: ಒಂದೇ ದೊಡ್ಡದೋ, ಎರಡು ಸಣ್ಣವೋ? ಎರಡಾದರೆ ಕೆಡುವುದಕ್ಕೂ ಎರಡಾದವು. ಒಂದಾದರೆ ಅದೊಂದೇ ಗತಿಯಾಯಿತು. ಎದುರು ಬದುರು ಇಡಬೇಕೋ, ಮೇಲ್ಮೈ ಕಲಕುವಂತೆ ಸ್ವಲ್ಪ ಮೇಲ್ಮುಖವಾಗಿ ಇಡಬೇಕೋ? ಮನೆಯಲ್ಲಿ ಅಜ್ಜಿ ಹೂ ಕಟ್ಟಲೆಂದು ಇಟ್ಟಿದ್ದ ನೂಲಿನಲ್ಲಿ ಒಂದೆಳೆ ತೆಗೆದು, ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಕಟ್ಟಿ, ಹಳೆಯ ಪಂಪಿನ ಪ್ರವಾಹ ಎಲ್ಲಿಯವರೆಗೆ ತಲುಪುತ್ತದೆಂದು ಮೌಶಿ ಮೂಲೆ ಮೂಲೆಯಲ್ಲಿ ಇಳಿಬಿಟ್ಟು ನೋಡುತ್ತಿದ್ದಳು. ನೂಲು ಹಾರಾಡಿದಲ್ಲಿ ಅವಳ ಮುಖ ತಿಳಿಯಾಗುತ್ತಿತ್ತು. ಬಲಗಡೆಯ ಕಲ್ಲಿನ ಹಿಂದೆ ಅದು ಸತ್ತ ಹುಳದಂತೆ ಜೋತುಬಿದ್ದಾಗ ಅವಳ ಕೈಯೂ ಹಾಗೆಯೇ ಜೋತುಬೀಳುತ್ತಿತ್ತು. ಆ ಹೆದರಿಕೆಯ ಹಿಂದಿರುವ ಪರಿಶ್ರಮವನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಒಂದು ರೀತಿಯ ಗೌರವವೂ.

ಹೀಗಿರುವಾಗ ಆ ಹುಣ್ಣಿಮೆ ಬಂತು. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆಂದು ಪಂಚಾಂಗದಲ್ಲಿತ್ತು. ಅಡುಗೆ ಊಟ ನಿಲ್ಲಿಸಬೇಕಾದ ವೇಧೆ ಬೆಳಗಿನಿಂದಲೇ, ಆದ್ದರಿಂದ ಬೆಳಗಿನಿಂದ ಒಲೆ ಹಚ್ಚುವಂತಿಲ್ಲ. ಇಂಥ ದಿನ ಮನೆಯಲ್ಲಿ ತುಂಬಿಟ್ಟ ನೀರಿಗೆ, ಹಾಲಿಗೆ, ಉಪ್ಪಿನಕಾಯಿಯ ಭರಣಿಗೆ ದರ್ಭೆಯ ಎಳೆ ಹಾಕಿಡುವುದು ನಮ್ಮಲ್ಲಿ ರೂಢಿ. ದರ್ಭೆಯಿದ್ದರೆ ಗ್ರಹಣದ ದೋಷ ತಾಗುವುದಿಲ್ಲವೆಂದು ನಂಬಿಕೆ. ಮೌಶಿ ಎಂದಿನಂತೆ ಶಾಲೆಗೆ ಹೋದಳು. ಮಧ್ಯಾಹ್ನ ಎಂಟನೆಯ ತರಗತಿಯಲ್ಲಿ ಅವಳು ಪಾಠ ಮಾಡುತ್ತಿದ್ದಾಗ ಮನೆಯಿಂದ ನಾನು ಫೋನು ಮಾಡಿದೆ.

"ಮೌಶಿ, ಪಂಪಿನ್ಯಾಗ ದರ್ಭಿ ಸಿಕ್ಕೊಂಡದ. ತಿರುಗವಲ್ದು, ಬರೇ ಗುಂಯ್ ಅನ್ಲಿಕತ್ತದ. ಅಜ್ಜಿ ಕೈ ಹಾಕಿ ತಗೀತೀನಿ ಅಂತಾಳ."

"ಬ್ಯಾಡಾ! ಮೊದಲ ಪ್ಲಗ್..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಮತ್ತೆ ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದಳು. ಎತ್ತಲಿಲ್ಲ. ತನ್ನ ನೌಕರಿಯಲ್ಲಿ ಮೊದಲ ಸಲ, ಕರಿಹಲಗೆಯ ಮೇಲೆ ಅರ್ಧ ಬರೆದ ವಾಕ್ಯವನ್ನು ಹಾಗೆಯೇ ಬಿಟ್ಟು, ಹೆಡ್‌ಮಾಸ್ತರರ ಕಡೆಗೆ ಕೈ ಮಾತ್ರ ಮುಗಿದು ಅವಳು ರಸ್ತೆಗೆ ಓಡಿದಳು. ಮುಂದಿನದನ್ನು ಅವಳೇ ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದ್ದು.

ಬಸ್ಸು ಇರಲಿಲ್ಲ, ಟೆಂಪೋ ಸಿಕ್ಕಿತು. ಕಂಬಿಯನ್ನು ಹಿಡಿದು ಕುಳಿತು, ಬಿಡದೆ ಫೋನು ಹಚ್ಚುತ್ತಲೇ ಇದ್ದಳು. ಪ್ರತಿ ಸಲವೂ ಅದು ಕೊನೆಯವರೆಗೆ ರಿಂಗಾಗಿ ಸುಮ್ಮನಾಗುತ್ತಿತ್ತು. ಸನಾಳಿಗೆ ಹಚ್ಚಿದರೆ ಅವಳು ತವರಿಗೆ ಹೋಗಿದ್ದಳು. ಪಕ್ಕದಲ್ಲಿ ಮಹಾಗಾಂವದ ಭೀಮಬಾಯಿ ಎಂಬ ಮುದುಕಿ ಕುಳಿತಿದ್ದಳು.

"ಯಾಕವ್ವಾ, ಇಷ್ಟು ಬೆವತಿ? ಮೈಯಾಗ ಆರಾಮಿಲ್ಲೇನು?"

"ಮನ್ಯಾಗ ಫೋನ್ ಎತ್ತವಲ್ರು, ಅಮ್ಮಾ."

"ಗಿರಾಣ ಅಲ್ಲೇನು ಇವತ್ತು? ಹೊಟ್ಟಿಗಿಲ್ಲ, ಮಕ್ಕೊಂಡಿರ್ತಾರ. ಸುಮ್ನ ಕುಂದ್ರು."

ಮೌಶಿಗೆ ಆ ಮಾತು ಕೇಳಿಸಿತು, ಒಳಗೆ ಇಳಿಯಲಿಲ್ಲ. ಮೀನು ಹವಳ ಒಂದೂ ಅವಳ ನೆನಪಿಗೆ ಬರಲಿಲ್ಲ. ಕಣ್ಣ ಮುಂದೆ ಇದ್ದದ್ದು ತಾಯಿಯ ಕೈ: ಮೊಣಕೈಯವರೆಗೆ ನೀರಿನೊಳಗೆ ಇಳಿದು, ಅಲ್ಲಿಯೇ ಮುಚ್ಚಿಕೊಂಡ ಕೈ. ಹಲ್ಲು ಕಚ್ಚಿ ಸಣ್ಣಗೆ ನಡುಗುವ ಮುಖ. ಆ ಹುಡುಗಿಗೆ, ಎಂದರೆ ನನಗೆ, ಮರದಿಂದ ಹೊಡೆಯಬೇಕೆಂದು ಹೊಳೆದೀತೇ? ಹೊಳೆದರೂ ಮನೆಯಲ್ಲಿ ಮರದ್ದು ಏನಿದೆ? ಅಜ್ಜಿಯ ಮೊಣಕಾಲು ನೋವಿನಿಂದ ಊಟ ಮೇಜಿಗೆ ಬಂದ ಮೇಲೆ ಮಣೆಗಳೆಲ್ಲ ಅಟ್ಟ ಸೇರಿದ್ದವು. ಲಟ್ಟಣಿಗೆ ಇದೆ, ಆದರೆ ಅಡುಗೆಮನೆಯಲ್ಲಿ, ಡಬ್ಬಿಗಳ ಹಿಂದೆ. ಪೊರಕೆಯ ಹಿಡಿ ಸ್ಟೀಲಿನದು. ಟೆಂಪೋ ಮಹಾಗಾಂವದಲ್ಲಿ ತೊಗರಿಯ ಚೀಲ ಏರಿಸಿಕೊಳ್ಳಲು ನಿಂತಾಗ ಅವಳು ನಮ್ಮ ಮನೆಯನ್ನು ಕೋಣೆ ಕೋಣೆಯಾಗಿ ಸುತ್ತುತ್ತ, ಒಂದು ತುಂಡು ಒಣ ಮರಕ್ಕಾಗಿ ಹುಡುಕುತ್ತಿದ್ದಳು. ಕೋಟನೂರು ಕಲಬುರಗಿಯ ಇನ್ನೊಂದು ತುದಿ. ಟೆಂಪೋ ಇಳಿದು ಆಟೋ ಹತ್ತಿದರೆ ಜಗತ್ ಸರ್ಕಲ್ಲಿನಲ್ಲಿ ವಾಹನಗಳು ಒಂದಕ್ಕೊಂದು ಹೆಣೆದುಕೊಂಡು ನಿಂತಿದ್ದವು; ಮುಂದಿನ ಬೈಕಿನವನು ತಿರುಗಿ ನೋಡಿ ನಕ್ಕರೂ ಅವಳಿಗೆ ಅದೊಂದು ಅಪಶಕುನದಂತೆ ಕಂಡಿತು.

ಮನೆಯ ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲಲ್ಲಿ ನಿಂತಳು. ಅಜ್ಜಿ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು, ತಲೆ ಗಾಜಿಗೆ ಆನಿಸಿತ್ತು, ಬಲಗೈ ಮೊಣಕೈಯವರೆಗೆ ನೀರಿನಲ್ಲಿತ್ತು. ಕೈ ಅಲುಗಲಿಲ್ಲ. ಮೌಶಿಯ ಕಣ್ಣು ಒಣ ಮರದ ತುಂಡಿಗಾಗಿ ಸುತ್ತ ಹುಡುಕಿತು.

ಆಗ ಆ ಕೈ ಮೇಲೆದ್ದಿತು. ಅದರಲ್ಲಿ ಬಚ್ಚಲಮನೆಯ ಪ್ಲಾಸ್ಟಿಕ್ ಮಗ್ಗು ಇತ್ತು. ಅಜ್ಜಿ ಅದನ್ನು ಎತ್ತರಕ್ಕೆ ಎತ್ತಿ ನೀರನ್ನು ಮತ್ತೆ ತೊಟ್ಟಿಗೇ ಸುರಿದಳು, ಉಸಿರು ಬಿಟ್ಟಳು, ಮತ್ತೆ ಮುಳುಗಿಸಿದಳು.

"ಬಂದ್ಯಾ? ಕೈಕಾಲು ತೊಳ್ಕೊಂಡು ಬಾ ಲಗೂನ. ನನ್ನ ರಟ್ಟಿ ಬಿದ್ದು ಹೋಗ್ಲಿಕತ್ತಾವ."

ಇನ್ನೊಂದು ಬದಿಯಲ್ಲಿ ನಾನೂ ಒಂದು ಚೆಂಬು ಹಿಡಿದು ಅದನ್ನೇ ಮಾಡುತ್ತಿದ್ದೆ. ಗೋಡೆಯಲ್ಲಿ ಪ್ಲಗ್ಗು ಹೊರಗೆ ಜೋತಾಡುತ್ತಿತ್ತು. ಯಾವ ವೈರು ಯಾವುದಕ್ಕೆಂದೂ ಪಂಪನ್ನು ಹೇಗೆ ಬಿಚ್ಚಬೇಕೆಂದೂ ನಮಗೆ ತಿಳಿಯದೆ ವೈರುಗಳೆಲ್ಲ ಸೇರಿದ್ದ ಬೋರ್ಡಿನ ಪ್ಲಗ್ಗನ್ನೇ ಕಿತ್ತಿದ್ದೆವು. ಹೀಗಾಗಿ ಪಂಪಿನ ಜೊತೆ ನೀರು ಸೋಸುವ ಯಂತ್ರವೂ ನಿಂತು ನೀರಿಗೆ ಯಾವ ಚಲನೆಯೂ ಇರಲಿಲ್ಲ, ನಮ್ಮ ಕೈಗಳದನ್ನು ಬಿಟ್ಟು.

ಮೌಶಿ ಆ ಪ್ಲಗ್ಗಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. "ಫೋನ್ ಯಾಕ ಎತ್ತಲಿಲ್ಲ ಮಂಜೂ?"

"ಕ...ಕೈ ಹಸಿ ಇದ್ದೂ ಮೌಶಿ. ಫೋನ್ ಚಾರ್ಜಿಗಿತ್ತು, ನೀ ಪ್ಲಗ್ ಅಂದ ಕೂಡ್ಲೆ ಅಲ್ಲೇ ಇಟ್ಟು ಓಡಿದ್ದೆ. ಹಸಿ ಕೈಲೆ ಕರೆಂಟಿಂದು ಏನೂ ಮುಟ್ಟಬ್ಯಾಡ ಅಂತ ನೀನ ಹೇಳಿದ್ದಿ."

"ಒರಸ್ಕೊಬಹುದಿತ್ತಲ್ಲ!"

"ಒರಸ್ಕೊಂಡ್ರ ನೀರು ನಿಲ್ತಿತ್ತು."

ಮೌಶಿ ಅಜ್ಜಿಯ ಕಡೆ ತಿರುಗಿದಳು. "ಆಯಿ, ನಿನಗೇನರ ಆಗಿದ್ರ? ಪ್ಲಗ್ ತಗೀಲಾರದ ಕೈ ಹಾಕಿದ್ರ?"

"ಹುಚ್ಚಿ. ನಿಮ್ಮಪ್ಪನ ಕೈಗೆ ಮಣಿ ಬೀಸಿದಾಕಿ ನಾನು. ಪ್ಲಗ್ ಯಾವಾಗ ತಗೀಬೇಕು ಅನ್ನೋದು ನಿನ್ನ ಕಡಿಂದ ಕಲೀಬೇಕೇನು?"

"ಮತ್ತ ದರ್ಭಿ ಯಾಕ ಹಾಕಿದಿ ಅದಕ್ಕ?"

ಅಜ್ಜಿ ಮಗ್ಗನ್ನು ನಿಲ್ಲಿಸಲಿಲ್ಲ. "ಮನ್ಯಾಗ ತುಂಬಿಟ್ಟ ನೀರಿಗೆಲ್ಲಾ ಹಾಕ್ತೀನಿ. ಇದು ಮನಿ ನೀರು ಅಲ್ಲೇನು? ಅದರಾಗ ಜೀವ ಅದಾವ. ಬಿಟ್ಟು ಹ್ಯಾಂಗ ಬಿಡ್ಲಿ?"

ಅಷ್ಟು ವರ್ಷ ಸೆರಗು ಎಳೆದುಕೊಂಡು ಸುತ್ತು ಹಾಕಿ ನಡೆದವಳು ಅಂದು ಬೆಳಿಗ್ಗೆ ಸ್ನಾನ ಮಾಡಿ, ಆ ಪೆಟ್ಟಿಗೆಯ ಮುಂದೆ ನಿಂತು, ಆರಿಸಿ ತೆಗೆದ ಎಳೆಗಳನ್ನು ನೀರಿನ ಮೇಲೆ ಮೆಲ್ಲಗೆ ಬಿಟ್ಟಿದ್ದನ್ನು ನಾನು ಕಂಡಿದ್ದೆ. ಮೌಶಿ ಎದ್ದು, ಪಂಪನ್ನು ಬಿಚ್ಚಿ, ಅದರ ರೆಕ್ಕೆಗೆ ಗಟ್ಟಿಯಾಗಿ ಸುತ್ತಿಕೊಂಡಿದ್ದ ದರ್ಭೆಯನ್ನು ಚಿಮಟಿಗೆಯಿಂದ ಎಳೆ ಎಳೆಯಾಗಿ ತೆಗೆದಳು. ಅಷ್ಟು ಹೊತ್ತು ಸಿಕ್ಕು ತಿಣುಕಿದ್ದರಿಂದ ಪಂಪಿನ ಮೈ ಒಂದು ಕಡೆ ಸೀಳಿತ್ತು. ಅವಳು ಅದನ್ನು ದೂರ ಇಟ್ಟು, ಸೋಸುವ ಯಂತ್ರವನ್ನಷ್ಟೇ ಹಚ್ಚಿದಳು. ಮೀನುಗಳು ಮೆಲ್ಲಗೆ ಕೆಳಗಿಳಿದವು. ಬೆರಳುಗಳಂತೆ ತೂಗುವ ಹವಳವೊಂದು ಮಾತ್ರ ಮುದುಡಿಕೊಂಡದ್ದು ಅರಳಲಿಲ್ಲ. ಮುಂದೆ ಅದರ ಅರ್ಧ ಮೈ ಬಿಳಿಚಿ, ಕಲ್ಲಾಗಿ ಉಳಿಯಿತು.

ಗ್ರಹಣ ಬಿಟ್ಟು, ಸ್ನಾನವಾಗಿ, ಅಜ್ಜಿ ಅನ್ನಕ್ಕಿಟ್ಟಾಗ ಮೌಶಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಸಾಕಾಯಿ. ನಾಳೆ ಜಹಾಂಗೀರ್ ಭಾಯಿಗೆ ಹೇಳಿ ಎಲ್ಲಾ ತಗಿಸಿಬಿಡ್ತೀನಿ. ಇಂಥಾ ದಿನ ನನಗ ಇನ್ನೊಂದು ಬ್ಯಾಡ."

"ತಗಸು," ಎಂದಳು ಅಜ್ಜಿ, ಒಲೆಯಿಂದ ಕಣ್ಣು ತೆಗೆಯದೆ. "ಆಮ್ಯಾಲೆ ಆ ಹೆದರಿಕಿ ಎಲ್ಲೆ ಇಡ್ತಿ? ನನ್ನ ಮ್ಯಾಲೆ ತಂದಿಡ್ತಿ. ಆಯೀ ಬಿದ್ರ, ಆಯೀ ಜಾರಿದ್ರ, ಆಯೀ ಉಂಡಿಲ್ಲಂದ್ರ. ನನಗ ಬ್ಯಾಡವಾ ಅದು. ಆ ಪೆಟ್ಟಿಗ್ಯಾಗ ಇರ್ಲಿ."

ಮೌಶಿಗೆ ನಗು ಬಂತು. ನಗುತ್ತಲೇ ಬಹಳ ಹೊತ್ತು ಅತ್ತಳು.

ಮರುದಿನ ಸಂಜೆ ಅಂಗಡಿಯಲ್ಲಿ ಜಹಾಂಗೀರ್ ಭಾಯಿ ಚಹಾ ಹೇಳಲು ಕೈ ಎತ್ತುವುದರೊಳಗೆ ಅವಳು ಆರಿಸಿಯಾಗಿತ್ತು. "ಅಡಾಪ್ಟರಿಂದು, ಸಣ್ಣವು, ಎರಡು. ಜಾಳಿಗಿ ಸಣ್ಣ ತೂತಿಂದಿರ್ಬೇಕು. ಬ್ಯಾಟರೀನೂ ಕೊಡ್ರಿ."

"ಮೇಡಂ, ಒಂದು ದೊಡ್ಡದು ಬಂದದ, ಮೊಬೈಲಿಂದನೂ ನಡಸಬಹುದು, ಕಂಪನಿಯವರು ಇದು ನಿಲ್ಲಂಗೇ ಇಲ್ಲ ಅಂತಾರ..."

"ನಿಲ್ಲಲಾರದ್ದು ಯಾವುದೂ ಇಲ್ಲ ಭಾಯಿ. ನಾ ಇಷ್ಟು ದಿನ ಅದನ್ನ ಹುಡಕ್ಲಿಕತ್ತಿದ್ದೆ. ಎರಡು ಕೊಡ್ರಿ. ಒಂದು ನಿಂತ್ರ ಇನ್ನೊಂದು ಇರ್ತದ. ಎರಡೂ ನಿಂತ್ರ ಮನ್ಯಾಗ ಮಗ್ಗು ಹಿಡಿಯೋರು ಇಬ್ರದಾರ."

ಅವನು ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಅಕಸ್ಮಾತ್ ಒಂದೂ ಕೇಳಲಿಲ್ಲಲ್ರೀ ಇವತ್ತು?"

"ಪ್ಯಾಕ್ ಮಾಡ್ರಿ, ಕೇಳ್ತೀನಿ," ಎಂದಳು ಮೌಶಿ. ಮತ್ತು ಖರೆ ಹೇಳಬೇಕೆಂದರೆ, ಕೇಳಿದಳು. ಅಡಾಪ್ಟರಿನ ಬಗ್ಗೆ, ಬ್ಯಾಟರಿಯ ಬಗ್ಗೆ, ಅಯಸ್ಕಾಂತ ಸಡಿಲಾದರೆ ಏನೆಂಬುದರ ಬಗ್ಗೆ.

ಈಗ ಎರಡು ಪಂಪುಗಳು ಎಡಕ್ಕೊಂದು ಬಲಕ್ಕೊಂದು ಅಂಟಿಕೊಂಡಿವೆ. ಅವುಗಳ ಪ್ರವಾಹಗಳು ನಡುವೆ ಒಂದನ್ನೊಂದು ಹಾಯ್ದು ಚದುರುತ್ತವೆ. ಬಲಗಡೆಯ ಕಲ್ಲಿನ ಹಿಂದೆಯೂ ನೂಲು ಹಾರುತ್ತದೆ. ಮೌಶಿಯ ಹೆದರಿಕೆ ಹೋಗಿದೆಯೆಂದು ಯಾರಾದರೂ ತಿಳಿದರೆ ನಾನು ತಪ್ಪಾಗಿ ಬರೆದಿದ್ದೇನೆಂದು ಅರ್ಥ. ಬೆಳಿಗ್ಗೆ ಹೊರಡುವ ಮೊದಲು ಅವಳು ಇಂದಿಗೂ ಹೊಸ್ತಿಲಲ್ಲಿ ನಿಂತು, ಉಸಿರು ಹಿಡಿದು, ಎರಡರ ಸದ್ದನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಾಳೆ. ಅವಳ ಮುಖ ಬಿಳಿಚುತ್ತದೆ. ಆಮೇಲೆ ಹೋಗುತ್ತಾಳೆ.

ಇಂಥವರು ಬಹಳ ಮನೆಗಳಲ್ಲಿ ಒಬ್ಬೊಬ್ಬರು ಇರುತ್ತಾರೆ ಎಂದು ನನಗೆ ತೋರುತ್ತದೆ. ಗ್ಯಾಸಿನ ಗುಂಡಿಯನ್ನು ಎರಡು ಸಲ ನೋಡುವವರು, ಬಸ್ಸು ಹೊರಟ ಮೇಲೂ ಮನೆಯ ದಿಕ್ಕಿಗೆ ಕತ್ತು ತಿರುಗಿಸುವವರು, ಎಲ್ಲರೂ ನಗುವಾಗ ಕಿವಿಯೊಂದನ್ನು ಬೇರೆಡೆ ಇಟ್ಟಿರುವವರು. ಅವರನ್ನು ಪುಕ್ಕಲರೆಂದು ಕರೆಯುವುದು ಸುಲಭ, ನಾನೂ ಮನಸ್ಸಿನಲ್ಲಿ ಕರೆದದ್ದುಂಟು. ಆದರೆ ಆಗಬಾರದ್ದನ್ನೆಲ್ಲ ಅವರು ನಮಗಿಂತ ಮೊದಲೇ ಒಬ್ಬರೇ ಹೋಗಿ ನೋಡಿ ಬಂದಿರುತ್ತಾರೆ. ನೋಡಿ ಬಂದ ಮೇಲೂ ಪ್ರೀತಿಸಿದ್ದನ್ನು ಮನೆಯಲ್ಲಿ ಬಿಟ್ಟು, ಬಾಗಿಲು ಎಳೆದುಕೊಂಡು, ದಿನದ ಕೆಲಸಕ್ಕೆ ಹೋಗುತ್ತಾರೆ. ಧೈರ್ಯವಿದ್ದವರಿಗೆ ಬಾಗಿಲು ಎಳೆಯುವುದು ಕೆಲಸವೇ ಅಲ್ಲ. ಇವರಿಗೆ ಅದು ದಿನನಿತ್ಯದ ಪರೀಕ್ಷೆ, ಮತ್ತು ಅದರಲ್ಲಿ ಇವರು ಪಾಸಾದದ್ದು ಯಾರಿಗೂ ತಿಳಿಯುವುದಿಲ್ಲ.

ನಾಳೆ ಮೌಶಿ ಕಮಲಾಪುರದ ಬಸ್ಸು ಹತ್ತಿದ ಮೇಲೆ ನಾನು ಎಡಗಡೆಯ ಪಂಪಿನ ಪ್ಲಗ್ಗು ತೆಗೆದು, ಅದನ್ನು ಬಿಚ್ಚಿ, ಜಾಳಿಗೆಯಲ್ಲಿ ಕೂತಿರುವ ಪಾಚಿಯನ್ನು ಹಳೆಯ ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತೇನೆ. ಅಷ್ಟು ಹೊತ್ತು ಬಲಗಡೆಯದು ತಿರುಗುತ್ತಿರುತ್ತದೆ.